ಮೂವರ ಕ್ಯಾಬಿನ್

"ಇಬ್ಬರ ಕ್ಯಾಬಿನ್‌ಗೆ ಮೂರನೆಯವರನ್ನ ಸೇರಿಸೋಕೆ ಬರಲ್ಲ ಮೇಡಂ," ಎಂದಳು ಹಡಗಿನ ಟಿಕೆಟ್ ಕೌಂಟರಿನ ಹುಡುಗಿ. ಅದೇ ಮಾತನ್ನು ಅವಳು ಹೇಳುತ್ತಿದ್ದದ್ದು ಇದು ಮೂರನೆಯ ಸಲ.

"ನಾನೇನು ಮಂಚ ಕೇಳ್ತಿಲ್ಲಮ್ಮ. ಒಂದು ಜಮಖಾನ ಹಾಸಿದ್ರೆ ಸಾಕು. ನಮ್ಮಕ್ಕ ಬೇಡ, ನಾನೇ ಕೆಳಗೆ ಮಲಗ್ತೀನಿ. ನನ್ನ ಬೆನ್ನು ಇನ್ನೂ ಗಟ್ಟಿ ಇದೆ."

ಹುಡುಗಿಗೆ ನಗು ಬಂತು. ಆದರೂ ತಾಳ್ಮೆ ಬಿಡಲಿಲ್ಲ. "ಜಾಗದ ಮಾತಲ್ಲ ಮೇಡಂ. ಹಡಗಲ್ಲಿ ಒಂದೊಂದು ಕ್ಯಾಬಿನ್‌ಗೂ ಇಷ್ಟೇ ಜನ ಅಂತ ಮೊದಲೇ ಬರೆದಿಟ್ಟಿರ್ತಾರೆ. ಹಾಲು ಕುಡಿಯೋ ಮಗು ಆದ್ರೂ ಒಂದು ತಲೆಯೇ. ನಾಳೆ ಏನಾದ್ರೂ ಆಯ್ತು ಅಂದ್ರೆ ರಕ್ಷಣಾ ದೋಣೀಲಿ ಪ್ರತಿ ತಲೆಗೂ ಒಂದು ಸೀಟು ಇರ್ಬೇಕಲ್ವಾ? ಅಲ್ಲಿ ನೆಲದ ಮೇಲೆ ಕೂರ್ತೀನಿ ಅನ್ನೋಕಾಗತ್ತಾ?"

ಪುಟ್ಟಿ ಕುರ್ಚಿಯನ್ನು ಕೌಂಟರಿಗೆ ಇನ್ನಷ್ಟು ಹತ್ತಿರ ಎಳೆದಳು. ಅವಳಿಗೀಗ ಅರವತ್ತೊಂದು. ಶಾಲೆಯ ಸಮವಸ್ತ್ರ ಹೊಲಿದು ಹೊಲಿದು ಕನ್ನಡಕದ ಗಾಜು ದಪ್ಪವಾಗಿದೆ, ಮಗಳ ಮಗ ಕಾಲೇಜು ಸೇರಿದ್ದಾನೆ. ಆದರೂ ಅಕ್ಕಂದಿರಿಬ್ಬರಿಗೂ ಅವಳು ಪುಟ್ಟಿಯೇ. ಮೂರು ವಾರದ ಹಿಂದೆ ಇದೇ ಕುರ್ಚಿಯಲ್ಲಿ ಕೂತು ದೊಡ್ಡಕ್ಕನೂ ಅವಳೂ ಏಳು ದಿನದ ಹಡಗಿನ ಪ್ರಯಾಣಕ್ಕೆ ಹೆಸರು ಕೊಟ್ಟು ಹೋಗಿದ್ದರು. ದೊಡ್ಡಕ್ಕ ಆಸ್ಪತ್ರೆಯಲ್ಲಿ ನಲವತ್ತು ವರ್ಷ ನರ್ಸಾಗಿ ದುಡಿದವಳು, ಮದುವೆಯ ಗೊಡವೆಗೆ ಹೋಗದವಳು. ಅಂದು ಅವಳು ಕೇಳಿದ್ದು ಒಂದೇ: "ಕಿಟಕಿ ಇರ್ಬೇಕು. ನಲವತ್ತು ವರ್ಷ ಟ್ಯೂಬ್‌ಲೈಟಿನ ಕೆಳಗೆ ಬದುಕಿದೀನಿ. ಎದ್ದ ತಕ್ಷಣ ಸಮುದ್ರ ಕಾಣ್ಬೇಕು." ಕಿಟಕಿಯ ಕ್ಯಾಬಿನ್ನೇ ಸಿಕ್ಕಿತ್ತು.

ಅದರಲ್ಲಿ ಚಿಕ್ಕಕ್ಕನ ಮಾತೇ ಬಂದಿರಲಿಲ್ಲ. ಬರುವಂತೆಯೂ ಇರಲಿಲ್ಲ. ದೊಡ್ಡಕ್ಕ ಅವಳೊಂದಿಗೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಕಳೆದ ಭಾನುವಾರ ಚಿಕ್ಕಕ್ಕ ಪುಟ್ಟಿಗೆ ಫೋನ್ ಮಾಡಿದ್ದಳು. "ನೀವಿಬ್ರೂ ಹಡಗಲ್ಲಿ ಹೋಗ್ತಿದ್ದೀರಂತೆ," ಎಂದಳು. ಪುಟ್ಟಿ ಹೂಂ ಎಂದಳು. "ಡೆಕ್ ಮೇಲೆ ಗಾಳಿ ಜಾಸ್ತಿ ಇರತ್ತೆ. ಅವಳಿಗೆ ಕಿವಿ ಮುಚ್ಕೊಳ್ಳೋಕೆ ಹೇಳು," ಎಂದು ಚಿಕ್ಕಕ್ಕ ಫೋನ್ ಇಟ್ಟುಬಿಟ್ಟಳು. ನಾನೂ ಬರಲಾ ಎಂದು ಕೇಳಿದ್ದರೆ ಪುಟ್ಟಿ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳೇನೋ. ಕೇಳಲಿಲ್ಲವಲ್ಲ, ಅದೇ ನಾಲ್ಕು ದಿನ ಅವಳನ್ನು ಕೊರೆಯಿತು. ಐದನೆಯ ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದಳು.

ಅವರ ಅಪ್ಪ ಬಂದರಿನ ಬಡಗಿ. ಹಡಗುಗಳ ಒಳಗೆ ಮಲಗುವ ಹಲಗೆ ಕೂಡಿಸುವುದು ಅವರ ಕೆಲಸ. ಗೋಡೆಗೆ ಮಡಚುವುದು, ಚಾವಣಿಯಿಂದ ಇಳಿಸುವುದು, ಒಂದರ ಮೇಲೊಂದು ಕೂರಿಸುವುದು, ಎಲ್ಲ ಬಲ್ಲವರು. ಒಂದು ದಿನವೂ ಹಡಗಿನಲ್ಲಿ ಪ್ರಯಾಣ ಮಾಡಿದವರಲ್ಲ. ಅವರಿದ್ದ ಒಂದೇ ಕೋಣೆಯ ಮನೆಯಲ್ಲಿ ಹೆಣ್ಣುಮಕ್ಕಳಿಗೆಂದು ಗೋಡೆಗೆ ಮಡಚುವ ಮಂಚ ಮಾಡಿದ್ದರು. ಹಗಲು ಅದು ಗೋಡೆ, ಸಂಜೆಯಾದರೆ ಕೊಂಡಿ ತೆಗೆದು ಇಳಿಸಬೇಕು. ಅಗಲ ಇಬ್ಬರಿಗೆ ಮಾತ್ರ. ಮಲಗುತ್ತಿದ್ದವರು ಮೂವರು. ಗೋಡೆಯ ಕಡೆ ದೊಡ್ಡಕ್ಕ, ಹೊರಗಡೆ ಚಿಕ್ಕಕ್ಕ, ಇಬ್ಬರ ನಡುವೆ ಪುಟ್ಟಿ. ಅವರು ಜಗಳಾಡಿದ ದಿನ ಇವಳ ಮೈಮೇಲಿಂದಲೇ ಕೈ ಚಾಚಿ ಚಿವುಟಿಕೊಳ್ಳುತ್ತಿದ್ದರು. ಅರ್ಧ ಚಿವುಟು ಇವಳಿಗೇ ಬೀಳುತ್ತಿತ್ತು. ದೀಪ ಆರಿಸುವ ಮೊದಲು ಅಪ್ಪ ಬಾಗಿಲಲ್ಲಿ ನಿಂತು, "ಕ್ಯಾಬಿನ್ ಭರ್ತಿನಾ?" ಎಂದು ಕೂಗುತ್ತಿದ್ದರು. "ಭರ್ತಿ!" ಎಂದು ಮೂವರೂ ಒಟ್ಟಿಗೆ ಅರಚಬೇಕು. ಒಬ್ಬಳು ಮುನಿಸಿಕೊಂಡು ಬಾಯಿ ಬಿಡದಿದ್ದರೆ ದೀಪ ಆರುತ್ತಿರಲಿಲ್ಲ. ಅಮ್ಮ ಒಲೆಯ ಹತ್ತಿರದಿಂದ, "ಎಣ್ಣೆ ದಂಡ, ಹೇಳ್ರೇ ಬೇಗ," ಎಂದು ಗದರಬೇಕಾಗುತ್ತಿತ್ತು.

"ಮೇಡಂ," ಹುಡುಗಿ ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು, "ನಿಮ್ಮ ಅದೃಷ್ಟ. ಮೂವರ ಕ್ಯಾಬಿನ್ ಒಂದು ಬೆಳಿಗ್ಗೆ ತಾನೇ ಖಾಲಿಯಾಗಿದೆ. ಕೆಳಗೆ ಎರಡು ಮಂಚ, ಮೇಲೊಂದು ಮಡಚೋ ಮಂಚ. ಆದ್ರೆ ಒಳಗಿನ ಸಾಲು. ಕಿಟಕಿ ಇಲ್ಲ."

"ಕಿಟಕಿ ಇಲ್ವಾ?"

"ಇಲ್ಲ. ನಾಲ್ಕು ಗಂಟೆವರೆಗೆ ಹಿಡಿದಿಟ್ಟಿರ್ತೀನಿ. ಅಷ್ಟರಲ್ಲಿ ನಿಮ್ಮ ಅಕ್ಕನ ಸಹಿ, ಹೊಸಬರ ಸಹಿ, ಅವರ ಗುರುತಿನ ಚೀಟಿ ಬೇಕು. ಆಮೇಲೆ ಹೆಸರಿನ ಪಟ್ಟಿ ಹಡಗಿಗೆ ಹೋಗಿಬಿಡತ್ತೆ." ಹುಡುಗಿ, ಚಿಕ್ಕಕ್ಕನ ವಿವರವೆಂದು ಪುಟ್ಟಿ ಬರೆದುಕೊಟ್ಟಿದ್ದ ಕಾಗದವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದಳು. "ಇನ್ನೊಂದು ವಿಷಯ. ತುರ್ತಿಗೆ ಯಾರಿಗೆ ತಿಳಿಸ್ಬೇಕು ಅನ್ನೋ ಕಡೆ ಹಡಗಲ್ಲಿ ಇಲ್ಲದವರ ಹೆಸರಿರ್ಬೇಕು. ನೀವು ಮಗಳ ಹೆಸರು ಕೊಟ್ಟಿದ್ದೀರಿ, ಸರಿ. ನಿಮ್ಮ ದೊಡ್ಡಕ್ಕ ಕೊಟ್ಟಿರೋದು ಇವರದ್ದೇ ಹೆಸರು. ಈಗ ಇವರೂ ಬರೋದಾದ್ರೆ ಬೇರೆ ಯಾರದಾದ್ರೂ ಕೊಡ್ಬೇಕಾಗತ್ತೆ."

"ಇವರದ್ದು ಅಂದ್ರೆ ಯಾರದ್ದು?"

ಹುಡುಗಿ ಪರದೆ ತಿರುಗಿಸಿ ತೋರಿಸಿದಳು. ಚಿಕ್ಕಕ್ಕನ ಹೆಸರು. ಸಂಬಂಧ: ತಂಗಿ. ಕೆಳಗೆ ಫೋನ್ ನಂಬರು, ಒಂದು ಅಂಕಿಯೂ ತಪ್ಪಿಲ್ಲದೆ.

ದೊಡ್ಡಕ್ಕನ ಮನೆ ಎರಡನೆಯ ಮಹಡಿಯಲ್ಲಿತ್ತು. ಪುಟ್ಟಿ ಏದುಸಿರು ಬಿಡುತ್ತ ಒಳಗೆ ಹೋದಾಗ ಅವಳು ಮಂಚದ ಮೇಲೆ ಸೀರೆಗಳನ್ನು ಏಳು ಗುಂಪು ಮಾಡಿ ಇಟ್ಟುಕೊಂಡು, ಯಾವ ದಿನಕ್ಕೆ ಯಾವುದೆಂದು ಚೀಟಿ ಅಂಟಿಸುತ್ತಿದ್ದಳು. ಪುಟ್ಟಿ ನಿಂತಲ್ಲೇ ಎಲ್ಲ ಹೇಳಿ ಮುಗಿಸಿದಳು. ನಿಧಾನ ಮಾಡಿದರೆ ಧೈರ್ಯ ಜಾರಿಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

"ಅವಳು ಬರೋದಾದ್ರೆ ನೀವಿಬ್ರೇ ಹೋಗ್ಬನ್ನಿ," ಎಂದಳು ದೊಡ್ಡಕ್ಕ. ಕೈಯಲ್ಲಿದ್ದ 'ಗುರುವಾರ' ಚೀಟಿಯನ್ನು ಸರಿಯಾಗಿ ಒತ್ತಿ ಅಂಟಿಸಿದಳು. "ಅಮ್ಮ ಹೋದ ಎರಡೇ ದಿನದಲ್ಲಿ ಕೋಣೆ ಗುಡಿಸಿ ಹಾಕಿದೋಳು. ನಾನು ರಜ ಹಾಕಿ ಓಡಿ ಬರೋಷ್ಟರಲ್ಲಿ ಒಂದು ಲೋಟ ಉಳಿದಿರ್ಲಿಲ್ಲ. ಅಪ್ಪನ ಕೈಯ ಮಂಚದ ಹಲಗೆಯೂ! ಗೋಡೇಲಿ ಬರೀ ತೂತು ಇತ್ತು ಕಣೇ. ಅಳೋಕೆ ಒಂದು ಸಾಮಾನಾದ್ರೂ ಬಿಟ್ಟಿದ್ಲಾ?"

"ಗೊತ್ತು ದೊಡ್ಡಕ್ಕ."

"ಗೊತ್ತಿದ್ದೂ ಹೋಗಿದ್ಯಲ್ಲ ಕಳ್ಳಿ ಥರ."

"ಹಾಗಾದ್ರೆ ತುರ್ತಿಗೆ ಅಂತ ಅವಳ ಹೆಸರು ಯಾಕೆ ಬರೆದೆ?"

ದೊಡ್ಡಕ್ಕನ ಕೈ ನಿಂತಿತು. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು. ಅದು ಶುರುವಾಗುತ್ತಿರಲಿಲ್ಲ. ನಾಲ್ಕು ಸಲ ಒದ್ದ ಮೇಲೆ ಶುರುವಾಯಿತು.

"ನನ್ನ ಮಗಳ ಹೆಸರು ಬರೀಬಹುದಿತ್ತು. ಪಕ್ಕದ ಮನೆಯವರದ್ದು ಬರೀಬಹುದಿತ್ತು. ನಂಬರು ಬಾಯಿಪಾಠ ಬೇರೆ," ಎಂದಳು ಪುಟ್ಟಿ.

"ಯಾರಾದ್ರೂ ಬೇಕಲ್ಲ," ಎಂದಳು ದೊಡ್ಡಕ್ಕ. "ಎರಡು ದಿನದಲ್ಲಿ ಎಲ್ಲ ಖಾಲಿ ಮಾಡಿದೋಳು. ನನಗೇನಾದ್ರೂ ಆದ್ರೆ ಚಕಚಕಾಂತ ಮುಗಿಸ್ತಾಳೆ ಅಂತ ಬರೆದೆ." ಅಂದವಳು ಎದ್ದು ಹೋಗಿ ಕನ್ನಡಕ ಹುಡುಕಿದಳು. ಕನ್ನಡಕ ಹಣೆಯ ಮೇಲೇ ಇತ್ತು. ಪುಟ್ಟಿ ಹೇಳಲಿಲ್ಲ.

"ಕಿಟಕಿ ಇಲ್ಲ ಅಂದ್ಯಾ?"

"ಇಲ್ಲ."

"ಒಂದು ತೂತೂ ಇಲ್ವಾ?"

"ಇಲ್ಲ ದೊಡ್ಡಕ್ಕ. ನೀನು ಬೇಡ ಅಂದ್ರೆ ಈಗ್ಲೂ..."

"ಪೆನ್ನು ಕೊಡು," ಎಂದಳು ದೊಡ್ಡಕ್ಕ. ಪುಟ್ಟಿ ಕೌಂಟರಿನಿಂದ ತಂದಿದ್ದ ಅರ್ಜಿಗೆ ಸಹಿ ಹಾಕಿ ಕೆಳಗೆ ಎರಡು ಗೆರೆ ಎಳೆದಳು, ವಾರ್ಡಿನ ರಿಜಿಸ್ಟರಿನಲ್ಲಿ ಎಳೆಯುತ್ತಿದ್ದ ಹಾಗೆ. "ಬರ್ತೀನಿ ಅಂತ ಅವಳು ಹೇಳಿದಾಳೋ?"

"ಅವಳನ್ನ ಇನ್ನೂ ಕೇಳೇ ಇಲ್ಲ."

ದೊಡ್ಡಕ್ಕ ಹಣೆ ಚಚ್ಚಿಕೊಂಡಳು. ಆಗ ಕನ್ನಡಕ ಕೈಗೆ ಸಿಕ್ಕಿತು.

ಟ್ಯಾಕ್ಸಿ ಚಿಕ್ಕಕ್ಕನ ಮನೆಯ ಮುಂದೆ ನಿಂತಾಗ ಮೂರು ದಾಟಿತ್ತು. "ನಾನು ಇಳಿಯಲ್ಲ," ಎಂದು ದೊಡ್ಡಕ್ಕ ಸೀಟಿನಲ್ಲಿ ನೆಟ್ಟಗೆ ಕೂತಳು.

ಚಿಕ್ಕಕ್ಕ ಪುಸ್ತಕ ಕಟ್ಟುವವಳು. ಮುದ್ರಣಾಲಯದಿಂದ ನಿವೃತ್ತಳಾದ ಮೇಲೂ ಶಾಲೆಗಳ ಹರಿದ ಪುಸ್ತಕ ತಂದು ಹೊಲಿದು ಕೊಡುತ್ತಿದ್ದಳು. ಗಂಡ ಹೋದ ಮೇಲೆ ಒಂಟಿ. ಬಾಗಿಲು ತೆರೆದಾಗ ಅವಳ ಬೆರಳುಗಳಲ್ಲಿ ಅಂಟು ಒಣಗಿತ್ತು. ಪುಟ್ಟಿ ಕೊಟ್ಟ ಅರ್ಜಿಯನ್ನು ನಿಂತೇ ಓದಿದಳು. ಓದಿ, ಕೊನೆಯ ಸಹಿಯ ಮೇಲೆ ಕಣ್ಣು ನೆಟ್ಟಳು.

"ಇದು ನೀನು ಹಾಕಿದ್ದಲ್ಲ ತಾನೇ? ಅಂಕಪಟ್ಟಿಗೆ ಅಪ್ಪನ ಸಹಿ ಹಾಕ್ತಿದ್ದೋಳು ನೀನು."

"ಆಣೆ. ಹೊರಗೆ ಗಾಡೀಲಿ ಕೂತಿದಾಳೆ. ಬೇಕಾದ್ರೆ ಕೇಳು."

ಚಿಕ್ಕಕ್ಕ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದಳು. ಟ್ಯಾಕ್ಸಿಯ ಗಾಜು ಅರ್ಧ ಇಳಿದಿತ್ತು. ಒಂಬತ್ತು ವರ್ಷದಲ್ಲಿ ಒಬ್ಬಳ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಇನ್ನೊಬ್ಬಳು ಸಣ್ಣಗಾಗಿದ್ದಳು. ಇಬ್ಬರೂ ಅದನ್ನು ನೋಡಿದರು. ಡ್ರೈವರ್ ಇದ್ದಕ್ಕಿದ್ದಂತೆ ತನ್ನ ಫೋನಿನಲ್ಲಿ ಏನೋ ಹುಡುಕತೊಡಗಿದ.

"ಅಕ್ಕ, ಆ ಕೋಣೆ ಖಾಲಿ ಮಾಡಿದ್ದಕ್ಕೆ ನಾನು ತಪ್ಪಾಯ್ತು ಅಂತ ಹೇಳಲ್ಲ," ಎಂದಳು ಚಿಕ್ಕಕ್ಕ. "ಮೊದಲೇ ಹೇಳ್ಬಿಡ್ತೀನಿ. ಅಮ್ಮ ಹಾಸಿಗೆ ಹಿಡಿದ ಆರು ವರ್ಷ ಆ ಕೋಣೇಲಿ ನಾನೊಬ್ಳೇ ಇದ್ದೆ. ನೀನು ರಜೆಗೆ ಬರ್ತಿದ್ದೆ, ಇವಳು ಹಬ್ಬಕ್ಕೆ ಹುಣ್ಣಿಮೆಗೆ. ಒಂದೊಂದು ಲೋಟ ಹಿಡ್ಕೊಂಡು ನೀವು ಅಳೋದನ್ನ ನೋಡೋ ಶಕ್ತಿ ನನಗಿರ್ಲಿಲ್ಲ. ಇನ್ನೊಂದು ದಿನ ಆ ವಾಸನೇಲಿ ಇದ್ದಿದ್ರೆ ನಾನೂ ಅಲ್ಲೇ ಮಲಗಿಬಿಡ್ತಿದ್ದೆ."

ದೊಡ್ಡಕ್ಕ ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದಳು. ಜೀವಮಾನವಿಡೀ ರೋಗಿಗಳನ್ನು ನೋಡಿಕೊಂಡವಳು ಅವಳು. ಎಂಟು ಗಂಟೆ ಮುಗಿದರೆ ಅವಳ ಜಾಗಕ್ಕೆ ಇನ್ನೊಬ್ಬಳು ಬರುತ್ತಿದ್ದಳು.

"ಹಲಗೆ?" ಎಂದಳು ಕೊನೆಗೆ.

"ಕೆಳಗಿನ ಮನೆಯವರಿಗೆ ಕೊಟ್ಟೆ. ಅವರಿಗೂ ಹೆಣ್ಣುಮಕ್ಕಳು. ಗೋಡೆಗೆ ಹಾಕ್ಕೊಂಡಿದಾರೆ."

"ಸೌದೆಗೆ ಹಾಕಿದ್ಯೇನೋ ಅಂದ್ಕೊಂಡಿದ್ದೆ."

"ಕೇಳಿದ್ಯಾ ನೀನು?"

ದೊಡ್ಡಕ್ಕ ಗಾಜನ್ನು ಪೂರ್ತಿ ಇಳಿಸಿದಳು. ಆಮೇಲೆ ಕೈಗಡಿಯಾರ ನೋಡಿದಳು. "ಮೂರೂ ಇಪ್ಪತ್ತು. ಗುರುತಿನ ಚೀಟಿ ತಗೊಂಡು ಬಾ. ಚಪ್ಪಲಿ ಹಾಕ್ಕೋ. ಬರಿಗಾಲಲ್ಲಿ ನಿಂತಿದಾಳೆ ನೋಡು, ಬುದ್ಧಿ ಬರೋ ವಯಸ್ಸಾದ್ರೂ."

ನಾಲ್ಕಕ್ಕೆ ಆರು ನಿಮಿಷವಿರುವಾಗ ಮೂವರೂ ಕೌಂಟರಿನ ಮುಂದೆ ಸಾಲಾಗಿ ಕೂತಿದ್ದರು. ತುರ್ತಿಗೆ ಯಾರೆಂದು ಹುಡುಗಿ ಕೇಳಿದಾಗ ದೊಡ್ಡಕ್ಕನೂ ಚಿಕ್ಕಕ್ಕನೂ ಪರಸ್ಪರ ಮುಖ ನೋಡಿಕೊಂಡರು. ಮೂವರಿಗೂ ಪುಟ್ಟಿಯ ಮಗಳ ಹೆಸರೇ ಹಾಕಬೇಕಾಯಿತು. "ಪಾಪದ ಹುಡುಗಿ," ಎಂದಳು ಚಿಕ್ಕಕ್ಕ. "ಇರ್ಲಿ ಬಿಡು," ಎಂದಳು ದೊಡ್ಡಕ್ಕ, "ಒಂದೇ ಫೋನಲ್ಲಿ ಮುಗಿಯತ್ತೆ." ಹುಡುಗಿ ನಗಬಾರದೆಂದು ತುಟಿ ಕಚ್ಚಿಕೊಂಡಳು. ಮೂವರೂ ನಕ್ಕಮೇಲೆ ತಾನೂ ನಕ್ಕಳು.

ಹಡಗು ಹೊರಡುವ ದಿನ ಮಧ್ಯಾಹ್ನವೇ ಅವರು ಕ್ಯಾಬಿನ್ ಸೇರಿದರು. ಕಿಟಕಿಯಿಲ್ಲದ ಗೋಡೆಗೂ ಯಾರೋ ಪರದೆ ಹಾಕಿದ್ದರು. ದೊಡ್ಡಕ್ಕ ಅದನ್ನು ಸರಿಸಿ ನೋಡಿದಳು. ಹಿಂದೆ ಬಿಳಿ ತಗಡು. "ಸಮುದ್ರ ಇವತ್ತು ಶಾಂತವಾಗಿದೆ," ಎಂದು ಪರದೆ ಎಳೆದಳು. ಮೇಲಿನ ಮಂಚ ಯಾರಿಗೆಂದು ವಾದ ಬೆಳೆಯಿತು. ಚಿಕ್ಕಕ್ಕನಿಗೆ ಮಂಡಿ ನೋವು, ದೊಡ್ಡಕ್ಕನಿಗೆ ತಲೆ ಸುತ್ತು. ಅರವತ್ತೊಂದು ವರ್ಷದ ಪುಟ್ಟಿಯೇ ಏಣಿ ಹಿಡಿದಳು. ಕೆಳಗಿಂದ ಇಬ್ಬರೂ "ಮೆಲ್ಲಗೆ, ಮೆಲ್ಲಗೆ" ಎಂದು ಕೂಗಿ ಅವಳನ್ನು ಇನ್ನಷ್ಟು ಹೆದರಿಸಿದರು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಹೊರಡುವ ಮೊದಲಿನ ಸುರಕ್ಷತಾ ತಾಲೀಮಿಗೆ ಎಲ್ಲ ಪ್ರಯಾಣಿಕರೂ ಕಿತ್ತಳೆ ಬಣ್ಣದ ತೇಲುವ ಅಂಗಿ ತೊಟ್ಟು ಡೆಕ್ಕಿಗೆ ಬರಬೇಕೆಂದು ಧ್ವನಿವರ್ಧಕ ಹೇಳಿತು. ಡೆಕ್ಕಿನಲ್ಲಿ ನೂರಾರು ಜನ ಒಬ್ಬರನ್ನೊಬ್ಬರು ನೋಡಿ ನಗುತ್ತ ನಿಂತಿದ್ದರು. ಸೊಂಟದ ಪಟ್ಟಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬುದು ಚಿಕ್ಕಕ್ಕನಿಗೆ ಅರ್ಥವಾಗಲಿಲ್ಲ. ಸಾವಿರಾರು ಪುಸ್ತಕ ಹೊಲಿದ ಕೈ ಅಂಗಿಯ ಕೊಂಡಿಯಲ್ಲಿ ತಡವರಿಸುತ್ತಿತ್ತು.

"ಕೈ ಎತ್ತು," ಎಂದಳು ದೊಡ್ಡಕ್ಕ.

ಚಿಕ್ಕಕ್ಕ ಎರಡೂ ಕೈ ಎತ್ತಿದಳು. ದೊಡ್ಡಕ್ಕ ಪಟ್ಟಿಯನ್ನು ಸೊಂಟದ ಸುತ್ತ ತಂದು ಕೊಂಡಿಗೆ ಸಿಕ್ಕಿಸಿ, ಬಿಗಿಯಾಗಿದೆಯೇ ಎಂದು ಎರಡು ಬೆರಳು ಒಳಗೆ ತೂರಿಸಿ ನೋಡಿದಳು. ಸಡಿಲವಿತ್ತು. ಬಿಚ್ಚಿ ಮತ್ತೆ ಕಟ್ಟಿದಳು.

ಹೆಸರು ಕೂಗಿ ಮುಗಿಯಿತು. ಜನ ಅಂಗಿ ಕಳಚಿ ತೋಳಿಗೆ ಹಾಕಿಕೊಂಡು ಚಹಾದ ಕಡೆ ಚದುರಿದರು. ಹಡಗು ಒಮ್ಮೆ ಮೆಲ್ಲಗೆ ನಡುಗಿ ದಡ ಬಿಟ್ಟಿತು. ಖಾಲಿಯಾದ ಡೆಕ್ಕಿನಲ್ಲಿ ಮೂವರು ಮುದುಕಿಯರು ಕಿತ್ತಳೆ ಅಂಗಿಯಲ್ಲೇ ಕಂಬಿ ಹಿಡಿದು ನಿಂತಿದ್ದರು. ಗಾಳಿ ಎದ್ದಿತ್ತು. ಅಂಗಿ ಬಿಚ್ಚೋಣ ಎಂದು ಯಾರೂ ಹೇಳಲಿಲ್ಲ.