ಗೋವಿನಜೋಳ ಉಂಡ ಮರಿಗಳು

ತಾರವ್ವನಿಗೆ ಸ್ವಂತದ್ದು ಅಂತ ಏನಾದರೂ ಸಿಕ್ಕಿದ್ದು ಈ ವರ್ಷವೇ. ಗಂಡ ತೀರಿಕೊಂಡ ಮೇಲೆ ಅಣ್ಣ ನಾಮದೇವನ ಕುರಿಗಳ ಹಿಂದೆ ಅಲೆದೇ ಅರ್ಧ ಆಯುಷ್ಯ ಸವೆಸಿದವಳು. ಅಣ್ಣನಿಗೆ ಅದ್ಯಾವ ಗಳಿಗೆಯಲ್ಲಿ ಬುದ್ಧಿ ಬಂತೋ, "ಈ ಸಲದ ಮರಿ ಎಲ್ಲಾ ನಿನ್ನವ ತಂಗಿ, ನಿನ್ನ ಹಿಂಡ ನೀ ಕಟ್ಟಕೋ" ಅಂದುಬಿಟ್ಟ.

ಹಾರೂಗೇರಿ ಹತ್ತಿರದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ಕೂಡಿಹಾಕುತ್ತಿದ್ದರು. ಹೊಲದವರು ಅದಕ್ಕೆ ಪ್ರತಿಯಾಗಿ ಗೋವಿನಜೋಳ ಕೊಟ್ಟಿದ್ದರು. ಹಗಲು ತಾಯಿಕುರಿಗಳು ಮೇಯಲು ಹೋದರೆ ಮರಿಗಳು ಬಲೆಯ ದೊಡ್ಡಿಯಲ್ಲಿ, ತಾರವ್ವನ ಕಾವಲಿನಲ್ಲಿ. ಅಣ್ಣನ ಮರಿಗಳಿಗೆ ಹಿಡಿ ಕಾಳು ಹಾಕಲೂ ಹಿಂದೆಮುಂದೆ ನೋಡುತ್ತಿದ್ದವಳು ಅವಳು. ಈಗ ತನ್ನವಲ್ಲವೇ! ರೊಟ್ಟಿಗೆ ಎತ್ತಿಡಬೇಕಾದ ಕಾಳನ್ನೆಲ್ಲ ಒಡೆದು ಸುರಿದಳು. ಮರಿಗಳು ಮುಗಿಬಿದ್ದು ತಿನ್ನುವುದನ್ನು ನೋಡಿ ಅವಳ ಹೊಟ್ಟೆಯೇ ತುಂಬಿತು.

ಮರುದಿನ ಕುರಿಗಳು ಮೇಯಲು ಹೋದ ಮೇಲೆ, ಎಲ್ಲಕ್ಕಿಂತ ದಷ್ಟಪುಷ್ಟ ಮರಿ ತಲೆ ಹಿಂದಕ್ಕೆ ಸೆಟೆದು, ಕಾಲು ಬಡಿಯುತ್ತ ಬಿತ್ತು. ಅದರ ಹಿಂದೆ ಇನ್ನೊಂದು. ಪಶುವೈದ್ಯ ಭರತ ಬೈಕಿನಲ್ಲಿ ಬರುವಷ್ಟರಲ್ಲಿ ನಿಂತ ಮರಿಗಳಿಗಿಂತ ಬಿದ್ದವೇ ಹೆಚ್ಚಾಗಿದ್ದವು.

"ಎರಡನೇ ಸಲದ ಲಸಿಕಿ ಹಾಕಿಸೀರೇನು?"

"ಇಲ್ರಿ ಸಾಹೇಬ್ರ, ಆವಾಗ ಕುಡಚಿ ಹೊಳಿ ದಾಟಿ ಆಚಿ ಕಡೆ ಇದ್ವಿ. ಯಾರ ವಿಷ ಹಾಕ್ಯಾರ್ರಿ?"

"ಯಾರೂ ಹಾಕಿಲ್ಲ ಯವ್ವಾ. ಈ ಬ್ಯಾನಿ ತರೂ ಕ್ರಿಮಿ ಕುರಿ ಕರುಳಾಗ ಮೊದಲ ಇರತೈತಿ. ಕಾಳ ಹೆಚ್ಚಾತಂದ್ರ ತಾನೂ ಹೆಚ್ಚಾಗಿ ವಿಷ ಬಿಡತೈತಿ. ಆ ವಿಷ ಹುಟ್ಟಾ ಮೊಂಡ. ಮರಿ ಕರುಳಿನ ರಸಾನ ಅದರ ತುದಿ ಕತ್ತರಿಸಿ ಚೂಪ ಮಾಡತೈತಿ. ಆಮ್ಯಾಲ ವಿಷದ ಕಣ ಏಳೇಳು ಕೂಡಿ ಉಂಗುರಾಗಿ ಜೀವಕೋಶಕ್ಕ ತೂತ ಹೊಡಿತಾವ. ಇಂಥಾ ವಿಷ ಬ್ಯಾರೆ ಕ್ರಿಮಿಗೋಳೊಳಗೂ ಐತಿ, ಒಂದ ಬೀಜದಿಂದ ಬಂದಂಗ. ಮನುಷ್ಯಾ ಕುರಿ ಸಾಕೂಕ್ಕಿಂತ ಭಾಳ ಹಿಂದಿಂದು. ಇವಕ್ಕ ಮಿದುಳಿಗೆ ಏರೈತಿ. ಇನ್ನ ನನ್ನ ಕೈಯಾಗಿಲ್ಲ."

ಇಷ್ಟೆಲ್ಲ ಕೇಳಿ ತಾರವ್ವ ಒಂದೇ ಮಾತು ಕೇಳಿದಳು.

"ನಾ ಕಾಳ ಹಾಕದ ಇದ್ದಿದ್ರ?"

ಒಂದು ಸುಳ್ಳು ಹೇಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

"ಬದುಕ್ತಿದ್ವು," ಅಂದ ಭರತ.

ಉಳಿದವೂ ಮಧ್ಯಾಹ್ನದೊಳಗೆ ಹೋದವು. ನಾಮದೇವ ಕುರಿ ಹೊಡೆದುಕೊಂಡು ಬರುವಾಗ ಗುಂಡಿ ಮುಚ್ಚಿಯಾಗಿತ್ತು. ಕೆಚ್ಚಲು ತುಂಬಿಕೊಂಡು ಓಡಿ ಬಂದ ತಾಯಿಕುರಿಗಳು ಖಾಲಿ ದೊಡ್ಡಿಯ ಸುತ್ತ ಅರಚತೊಡಗಿದವು. ಅಣ್ಣ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಹಾಲು ಕಟ್ಟಿಕೊಂಡರೆ ಕೆಚ್ಚಲು ಬಾತುಕೊಳ್ಳುತ್ತದೆ. ತಾರವ್ವ ಅಣ್ಣನ ಕುರಿಗಳನ್ನು ಒಂದೊಂದಾಗಿ ಹಿಡಿದು, ಅಳುತ್ತಲೇ, ಹಾಲನ್ನು ಮಣ್ಣಿಗೆ ಹಿಂಡಿದಳು.