ಓಡಿಹೋದದ್ದಕ್ಕೆ ಉಳಿದ ಹಲ್ಲು

ಬನಹಟ್ಟಿಯಲ್ಲಿ ನೂಲಿನಂಗಡಿಯ ಮಾಳಿಗೆಯ ಮೇಲೆ ದವಾಖಾನೆ ಇಟ್ಟಿದ್ದ ದಂತವೈದ್ಯೆ ಅನುರಾಧಾ, ಹದಿನೆಂಟು ವರ್ಷಗಳಿಂದ ಕಂದುಕಲೆ ಕಂಡ ದವಡೆಹಲ್ಲನ್ನೆಲ್ಲ ಕೊರೆದು ತುಂಬುತ್ತ ಬಂದಿದ್ದಳು. ಕಲೆ ಎಂದರೆ ಹುಳುಕು, ಹುಳುಕು ಎಂದರೆ ಬೆಳೆಯುವಂಥದ್ದು. ಕಲಿತದ್ದೇ ಹಾಗೆ.

ಈ ವರ್ಷ ಅವಳು ಓದಿದ ಕಾಲೇಜಿನವರು ಬಳಸಿ ನೋಡಲೆಂದು ಒಂದು ಪುಟ್ಟ ಕ್ಯಾಮೆರಾ ಕಳಿಸಿದರು. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನಲ್ಲಿ ಹಲ್ಲನ್ನು ನೋಡುತ್ತಲೇ ಗಾಳಿ ಊದಿ ಒಣಗಿಸಬೇಕು. ಹುಳುಕು ಬೆಳೆಯುತ್ತಿದ್ದರೆ ಅದರ ಸಣ್ಣ ರಂಧ್ರಗಳೊಳಗಿನ ನೀರು ಬೇಗ ಆರಿ, ಪರದೆಯ ಮೇಲೆ ಆ ಜಾಗ ಬೆಳ್ಳಗಾಗುತ್ತದೆ. ನಿಂತುಹೋದ ಹುಳುಕಿನ ಮೇಲೆ ಗಟ್ಟಿ ಪದರ ಕಟ್ಟಿರುತ್ತದೆ. ಎಷ್ಟು ಊದಿದರೂ ಅಷ್ಟಾಗಿ ಬದಲಾಗದು.

ಒಂದು ಮಧ್ಯಾಹ್ನ ಮಗ್ಗದ ಕೆಲಸ ಮುಗಿಸಿ ರಬಕವಿಯ ರೇಷ್ಮಾ ತನ್ನ ಎಂಟು ವರ್ಷದ ಮಗಳು ಪೂನಮ್‌ಳನ್ನು ಕರೆತಂದಳು. ಹುಡುಗಿಯ ಬಲದವಡೆಯ ಹಲ್ಲಲ್ಲಿ ಕಲೆ ಇದೆಯೆಂದು ಶಾಲೆಯಲ್ಲಿ ಹೇಳಿದ್ದರು. ಅನುರಾಧಾಳಿಗೆ ತಾಯಿಯ ಗುರುತು ಕೂಡಲೇ ಹತ್ತಿತು. ಹನ್ನೆರಡು ವರ್ಷದವಳಿದ್ದಾಗ ರೇಷ್ಮಾಳ ಕೆಳದವಡೆಯ ಎರಡೂ ಬದಿಗೆ ಒಂದೇ ತೆರನ ಕಲೆಗಳಿದ್ದವು. ಬಲಗಡೆಯದನ್ನು ಅನುರಾಧಾ ಕೊರೆದಳು. ಎಡಗಡೆಯದನ್ನು ಕೊರೆಯಬೇಕಾದ ದಿನ ಹುಡುಗಿ ಮೆಟ್ಟಿಲಿಳಿದು ಓಡಿಹೋಗಿದ್ದಳು; ಅದು ಹಾಗೇ ಉಳಿದಿತ್ತು. ತುಂಬಿದ ಬಲಗಡೆಯ ಹಲ್ಲು ಮುಂದೆ ಬಿರುಕು ಬಿಟ್ಟು, ಮತ್ತೆ ಮತ್ತೆ ತುಂಬಿಸಿಕೊಂಡು, ಆರು ವರ್ಷದ ಹಿಂದೆ ಕಿತ್ತೇ ಹೋಯಿತು.

ಪೂನಮ್ ಬಾಯಿ ತೆರೆಯಲಿಲ್ಲ.

"ನೋಡವ್ವಾ, ನೋವ ಆಗೂದಿಲ್ಲ. ಮೊದಲ ನಾ ಕುಂದರತೇನಿ," ಎಂದು ರೇಷ್ಮಾ ತಾನೇ ಕುರ್ಚಿಯಲ್ಲಿ ಕೂತಳು.

ಅನುರಾಧಾ ಎಡಗಡೆಯ ಹಲ್ಲಿಗೆ ಕ್ಯಾಮೆರಾ ಹಿಡಿದು ಗಾಳಿ ಊದಿದಳು. ಕಲೆ ಇದ್ದ ಹಾಗೇ ಇತ್ತು. ಇನ್ನೊಮ್ಮೆ ಊದಿದಳು. ಪರದೆಯ ಮೇಲೆ ಏನೂ ಬದಲಾಗಲಿಲ್ಲ.

"ಏನರೆ ಐತೇನ್ರಿ?"

"ಏನೂ ಇಲ್ಲ. ಇದರ ಹುಳುಕ ಎಂದೋ ನಿಂತೈತಿ."

"ಕೊರೀದನ ನಿಂತೈತಿ ಅಂದಂಗಾತು." ರೇಷ್ಮಾ ಎದ್ದು ಕೂತಳು. "ಹಂಗಂದ್ರ ನೀವು ಕೊರದ ಆ ಬಾಜುದ್ದೂ ನಿಂತಿತ್ತೇನ್ರಿ?"

ತಿಳಿಯದು ಎಂದು ನುಣುಚಿಕೊಳ್ಳಬಹುದಿತ್ತು. ಆಗ ಈ ಯಂತ್ರ ಇರಲಿಲ್ಲ ಎಂದರೂ ಸುಳ್ಳಾಗುತ್ತಿರಲಿಲ್ಲ. ಅನುರಾಧಾ ಮುಖಗವಸು ತೆಗೆದಳು.

"ಖರೆ ಹೇಳಬೇಕಂದ್ರ, ಇದ್ದೀತು. ಆ ಹಲ್ಲು ಈಗ ಇಲ್ಲ, ತೋರಿಸಾಕ ಬರೂದಿಲ್ಲ. ಒಂದೀಟು ಕಾಯಬೇಕಿತ್ತು ರೇಷ್ಮಾ. ನಾ ಕಾಯಲಿಲ್ಲ. ತಪ್ಪಾತು."

ಕೆಳಗಿನ ಬೀದಿಯಲ್ಲಿ ಆಟೊಗಳ ಸದ್ದಿತ್ತು. ರೇಷ್ಮಾ ಖಾಲಿಯಾದ ಬಲದವಡೆಯನ್ನು ನಾಲಗೆಯಿಂದ ಮುಟ್ಟಿಕೊಂಡಂತೆ ಕಂಡಿತು. ಬೈಯಲಿಲ್ಲ. ಅದೇ ಅನುರಾಧಾಳಿಗೆ ಹೆಚ್ಚು ಭಾರವಾಯಿತು.

"ಈಕಿದು ನೋಡ್ರಿ," ಎಂದಳು ರೇಷ್ಮಾ ಕೊನೆಗೆ, ಮಗಳನ್ನು ಕುರ್ಚಿಯಲ್ಲಿ ಕೂರಿಸಿ.

ಪೂನಮ್ ಈಗ ಬಾಯಿ ತೆರೆದಳು. ಗಾಳಿ ತಾಗಿದ ಕೆಲವೇ ಕ್ಷಣಗಳಲ್ಲಿ ಅವಳ ಹಲ್ಲಿನ ಕಲೆ ಬೆಳ್ಳಗೆ ಅರಳಿತು. ತಾಯಿ ಪರದೆಯನ್ನೇ ನೋಡುತ್ತಿದ್ದಳು.

"ಇದು ಲಗೂನ ಆರಿತಲ್ರಿ. ಸಡಲ ನೇಯ್ದ ಅರಿವಿ ಆರಿದಂಗ."

"ಹೌದು. ಇದು ಇನ್ನೂ ಬೆಳ್ಯಾಕತ್ತೈತಿ. ಆದ್ರೂ ಕೊರಿಯೂದು ಬ್ಯಾಡ. ಗಟ್ಟಿ ಪದರ ಕಟ್ಟೂವಂಥ ಔಷಧ ಹಚ್ಚತೇನಿ. ಮುಂಜಾನಿ ರಾತ್ರಿ ನೀನ ನಿಂತು ಹಲ್ಲು ತಿಕ್ಕಸು. ಬೆಲ್ಲ, ಚಾಕಲೇಟ ಕಡಿಮಿ ಮಾಡು. ಮೂರು ತಿಂಗಳಿಗೆ ಮತ್ತ ನೋಡೂಣು."

ರೇಷ್ಮಾ ಮಗಳ ಭುಜದ ಮೇಲೆ ಕೈಯಿಟ್ಟಳು. "ಹಚ್ಚರಿ. ಆದ್ರ, ಕೊರಿಯೂ ಮಷೀನ ಕೈಯಾಗ ಹಿಡಿಯೂಕಿಂತ ಮೊದಲ ನನಗ ಹೇಳಬೇಕು."

"ಹೇಳತೇನಿ."

ಮೂರು ತಿಂಗಳಿಗೆ ಅವರು ಬರಲಿಲ್ಲ. ಅನುರಾಧಾ ಎರಡು ಸಲ ಫೋನ್ ಕೈಗೆತ್ತಿಕೊಂಡು ಇಟ್ಟಳು. ನಾಲ್ಕನೆಯ ತಿಂಗಳು ತಾಯಿ ಮಗಳು ಬಂದರು. ಸೀರೆಯ ತುರ್ತು ಕೆಲಸವಿತ್ತಂತೆ. ಗಾಳಿ ಊದಿದಾಗ ಕಲೆ ತಡವಾಗಿ, ಅಂಚಿನಲ್ಲಷ್ಟೇ ಬೆಳ್ಳಗಾಯಿತು. ಪೂರ್ತಿ ನಿಂತಿರಲಿಲ್ಲ, ನಿಲ್ಲುವ ಹಾದಿ ಹಿಡಿದಿತ್ತು. ಅನುರಾಧಾ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ರೇಷ್ಮಾ ತಲೆಯಾಡಿಸಿ, ಮುಂದಿನ ತಾರೀಖು ಬರೆಸಿಕೊಂಡು ಹೋದಳು.