ಚೆಫಲೂವಿನ ಕಿಟಕಿಗೆ ಹದಿನಾಲ್ಕು ಷರತ್ತು

ಬುಧವಾರ ಸಂಜೆ ಆರೂ ಹತ್ತಕ್ಕೆ ಗೇಬ್ರಿಯಲ್ ಕ್ವಾಡ್ರಸ್ ತನ್ನ ಫ್ಲ್ಯಾಟಿನ ಬಾಗಿಲು ತೆರೆದಾಗ ಅಡುಗೆಮನೆಯಿಂದ ಹೆಂಡತಿ ಗುನುಗುವ ಸ್ವರ ಕೇಳಿಸಿತು. ಅವನ ಕೈ ಬಾಗಿಲ ಹಿಡಿಯ ಮೇಲೆಯೇ ನಿಂತಿತು. ಫ್ಲೋರಿನ್ ಗುನುಗುತ್ತಿದ್ದಾಳೆ, ಅಂದರೆ ಅವಳಿಗಿನ್ನೂ ಏನೂ ಗೊತ್ತಿಲ್ಲ.

"ಗೇಬಿ, ಆ ಹೆಂಗಸಿನ ಉತ್ತರ ಬಂತಾ?"

"ಬಂತು."

"ಎಂತ ಬರ್ದಿದ್ದಾರೆ?"

"ಶೂ ತೆಗೀತೇನೆ ಮಾರಾಯ್ತಿ. ಒಂದು ನಿಮಿಷ."

ಬರುವ ಅಕ್ಟೋಬರ್ ಹದಿನೆಂಟಕ್ಕೆ ಅವರ ಮದುವೆಗೆ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಮಂಗಳೂರಿನಲ್ಲಿ ಗೇಬ್ರಿಯಲನ ಅಕ್ಕ ಕೊನ್ಸೆಪ್ಟಾ ಸಭಾಭವನ, ಬ್ಯಾಂಡು, ನಾನೂರು ಮಂದಿಯ ಊಟ ಎಂದು ಆಗಲೇ ಯೋಜನೆ ಹೂಡಿದ್ದಳು. ಫ್ಲೋರಿನ್ ಒಪ್ಪಲಿಲ್ಲ. ಅವಳಿಗೆ ಬೇಕಾಗಿದ್ದುದು ಒಂದು ಕಿಟಕಿ. ಆ ದಿನ ಬೆಳಿಗ್ಗೆ ಹಾಸಿಗೆಯಲ್ಲಿ ಕಣ್ಣು ತೆರೆದರೆ ಎದುರಿಗೆ ಸಮುದ್ರ ಕಾಣಬೇಕು, ಅಷ್ಟೇ. ಮಲ್ಪೆಯ ಬಳಿಯ ತೊಟ್ಟಂನಲ್ಲಿ ತೆರೆಗಳ ಸದ್ದು ಕೇಳುತ್ತ ಬೆಳೆದವಳು ದೋಹಾದ ಅಲ್ ಹಿಲಾಲ್‌ನ ಈ ಫ್ಲ್ಯಾಟಿಗೆ ಬಂದು ಹತ್ತೊಂಬತ್ತು ವರ್ಷಗಳಾಗಿದ್ದವು. ಇಲ್ಲಿ ಮಲಗುವ ಕೋಣೆಯ ಕಿಟಕಿ ತೆರೆದರೆ ಮೂರು ಮಾರು ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಗೋಡೆಯ ತುಂಬ ಬಿಸಿಗಾಳಿ ಉಗುಳುವ ಎಸಿ ಔಟ್‌ಡೋರ್‌ಗಳು.

ಮೂರು ತಿಂಗಳು ಹುಡುಕಿದ ಮೇಲೆ ಅವಳಿಗೆ ಸಿಸಿಲಿ ದ್ವೀಪದ ಚೆಫಲೂ ಸಿಕ್ಕಿತ್ತು. ಬಂಡೆಗುಡ್ಡದ ಬುಡದಲ್ಲಿ ಹಳೆಯ ಊರು, ಒಂಬೈನೂರು ವರ್ಷದ ಇಗರ್ಜಿ, ಅಲೆಗೆ ಪಾದ ಕೊಟ್ಟು ನಿಂತ ಮನೆಗಳ ಸಾಲು. ಸಮುದ್ರ ಕಾಣುವ ಕೋಣೆಗಳೆಲ್ಲ ಇನ್ನೂರು ಯೂರೊ ದಾಟುತ್ತಿದ್ದವು, ಒಂದನ್ನು ಬಿಟ್ಟು. ರೊಸಾರಿಯಾ ಎಂಬ ವೃದ್ಧೆ ನಡೆಸುವ ನಾಲ್ಕೇ ಕೋಣೆಗಳ ಅತಿಥಿಗೃಹ, ಮೂರನೆಯ ಮಹಡಿ, ರಾತ್ರಿಗೆ ಅರವತ್ತೆಂಟು ಯೂರೊ, ಬೆಳಗಿನ ಕಾಫಿ ಸೇರಿ. ಮಂಗಳವಾರ ಆಕೆ ಬರೆದಿದ್ದಳು: "ಕೋಣೆ ಖಾಲಿ ಇದೆ. ಬುಧವಾರ ಮಧ್ಯಾಹ್ನದೊಳಗೆ ಹೌದು ಎಂದರೆ ನಿಮ್ಮದು."

ಹಣ ಕಟ್ಟುವ ಕಾರ್ಡು ಗೇಬ್ರಿಯಲನದಾದ್ದರಿಂದ ಆ ಹೌದು ಎಂಬ ಒಂದು ಮಾತನ್ನು ಬರೆಯುವ ಕೆಲಸ ಅವನ ಪಾಲಿಗೆ ಬಂದಿತ್ತು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ವೀಸಾ ಕೇಂದ್ರದಲ್ಲಿ ಅವರಿಬ್ಬರ ಸರದಿ. ಅಲ್ಲಿಗೆ ತಂಗುವ ಸ್ಥಳದ ಪತ್ರ ಒಯ್ಯಲೇಬೇಕು. ಈ ಸರದಿ ತಪ್ಪಿದರೆ ಮುಂದಿನದು ಆರು ವಾರಗಳ ನಂತರ. ಅಷ್ಟರಲ್ಲಿ ಅಕ್ಟೋಬರ್ ಹದಿನೆಂಟು ಕಳೆದೇ ಹೋಗಿರುತ್ತಿತ್ತು.

ಗೇಬ್ರಿಯಲ್ ಎರಡನೆಯ ಶೂ ಬಿಚ್ಚುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಅವನು ಮನಸ್ಸಿನಲ್ಲೇ ಶಿಲುಬೆಯ ಗುರುತು ಮಾಡಿಕೊಂಡ.

ಬಂದವನು ಜಾಬಿರ್. ಉಳ್ಳಾಲದವನು; ಉಮ್ಮ್ ಸಲಾಲ್‌ನಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುವ ಹಳೆಯ ಸ್ನೇಹಿತ. ವಿಮಾನದ ರಿಸರ್ವೇಶನ್ ಪ್ರತಿಗಳನ್ನು ಮೇಜಿನ ಮೇಲಿಟ್ಟು, ಊರಿನಲ್ಲಿ ಕ್ರೈಸ್ತ ಹಿರಿಯರನ್ನು ಕರೆಯುವ ರೀತಿಯಲ್ಲೇ ರಾಗ ಎಳೆದ:

"ಎಂತ ಪೊರ್ಬುಗಳೇ, ಮುಖ ಒಣಗಿದ ಬಂಗುಡೆ ಹಾಗೆ ಆಗಿದೆ? ಬಾಯಮ್ಮ, ನಿಮ್ಗೆ ಸಮುದ್ರವೇ ಬೇಕಾದ್ರೆ ಇಲ್ಲೇ ಅಲ್ ಶಮಾಲ್‌ಗೆ ಹೋಗ್ಬಹುದಿತ್ತಲ್ಲ? ಒಂದು ಗಂಟೆ ಡ್ರೈವ್. ವೀಸಾ ಮಾಫಿ, ಖರ್ಚು ಮಾಫಿ."

"ಅಲ್ಲಿ ಒಂಬೈನೂರು ವರ್ಷದ ಇಗರ್ಜಿ ಉಂಟಾ ಜಾಬಿರ್?" ಎಂದು ಫ್ಲೋರಿನ್ ಚಹಾ ತಂದಿಟ್ಟಳು. "ಗೇಬಿ, ಆ ಕನ್ಫರ್ಮೇಶನ್ ಪ್ರಿಂಟ್ ಕೊಡು. ಫೈಲಿಗೆ ಹಾಕಿ ಬಿಡ್ತೇನೆ."

ಗೇಬ್ರಿಯಲ್ ಚಹಾದ ಲೋಟವನ್ನು ದಿಟ್ಟಿಸಿದ.

"ಅದು... ಸ್ವಲ್ಪ ಮಿಸ್ಟೇಕ್ ಆಯ್ತು."

ಗೇಬ್ರಿಯಲ್ ಇಪ್ಪತ್ತೆರಡು ವರ್ಷಗಳಿಂದ ಕಟ್ಟಡ ನಿರ್ಮಾಣದ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದ. ಮೂರು ಕೊಟೇಶನ್ ತರಿಸದೆ ಮೊಳೆಯನ್ನೂ ಕೊಳ್ಳಬಾರದೆಂಬುದು ಆ ಕಂಪನಿಯ ನಿಯಮ. ಕ್ರಮೇಣ ಅದು ಗೇಬ್ರಿಯಲನ ಸ್ವಭಾವವಾಗಿತ್ತು. ಮಗಳು ಫಿಯೋನಾಳ ಹಲ್ಲಿಗೆ ತಂತಿ ಹಾಕಿಸಲು ಅವನು ಮೂವರು ವೈದ್ಯರಿಂದ ದರ ತರಿಸಿ, ಕೋಷ್ಟಕ ಬರೆದು, ನಾಲ್ಕು ತಿಂಗಳು ಚರ್ಚಿಸಿದ್ದ. ಅಷ್ಟರಲ್ಲಿ ಎರಡು ಹಲ್ಲುಗಳು ತಾವಾಗಿಯೇ ಸಾಲಿಗೆ ಬಂದಿದ್ದವು. ಇದೇ ಮನುಷ್ಯ ಆ ದಿನ ಬೆಳಿಗ್ಗೆ ಏಳು ಗಂಟೆಗೆ ಆಫೀಸಿನಲ್ಲಿ ಕುಳಿತು ಹೌದು ಎಂದು ಬರೆಯಹೊರಟಾಗ, ಕೈ ತನ್ನ ಪಾಡಿಗೆ ಕಂಪನಿಯ ಸಿದ್ಧ ನಮೂನೆಯನ್ನು ತೆರೆದಿತ್ತು.

ಫಿಯೋನಾ ಕೋಣೆಯಿಂದ ಹೊರಬಂದು, ಅಪ್ಪನ ಫೋನು ಕಿತ್ತುಕೊಂಡು, ಅವನು ಕಳಿಸಿದ್ದ ಇಂಗ್ಲಿಷ್ ಪತ್ರವನ್ನು ಕನ್ನಡ ಮಾಡುತ್ತ ಓದತೊಡಗಿದಳು. ಕಾಲೇಜಿನ ಮೊದಲ ವರ್ಷದ ಹುಡುಗಿ. ಅವಳ ಕನ್ನಡ ಕುಂಟುತ್ತಿತ್ತು, ನಗು ಕುಂಟುತ್ತಿರಲಿಲ್ಲ.

"ಮಮ್ಮಿ, ಕೇಳು! ಸಬ್ಜೆಕ್ಟ್: ಕಿಟಕಿ ಸಹಿತ ಕೋಣೆ, ಒಂದು ನಗ, ಆರು ರಾತ್ರಿಗೆ ಪೂರೈಕೆ. ಷರತ್ತು ಒಂದು: ದರದಲ್ಲಿ ಹದಿನೈದು ಪರ್ಸೆಂಟ್ ಕಡಿತ. ಷರತ್ತು ಆರು: ಸಾಗಾಟದಲ್ಲಿ ಹಾನಿಯಾದ ವಸ್ತು ವಾಪಸ್. ಪಪ್ಪಾ, ಕೋಣೆನ ಹೇಗೆ ಸಾಗಿಸ್ತಾರೆ?"

"ಅದು ಫಾರ್ಮ್ಯಾಟ್‌ನಲ್ಲಿ ಇರ್ತದೆ ಮಗಾ. ತೆಗೀಲಿಕ್ಕೆ ಮರ್ತುಹೋಯ್ತು."

"ಷರತ್ತು ಒಂಬತ್ತು: ತಡವಾದಲ್ಲಿ ದಿನಕ್ಕೆ ಇಷ್ಟು ದಂಡ. ಷರತ್ತು ಹದಿನಾಲ್ಕು: ಸಹಿ ಮತ್ತು ಕಂಪನಿಯ ಸೀಲ್ ಕಡ್ಡಾಯ!"

ಜಾಬಿರ್ ಚಹಾ ನೆತ್ತಿಗೇರಿ ಕೆಮ್ಮತೊಡಗಿದ. ಫ್ಲೋರಿನ್ ನಗಲಿಲ್ಲ. "ಆ ಹೆಂಗಸು ಎಂತ ಹೇಳಿದ್ರು? ಅದನ್ನು ಓದು" ಎಂದಳು.

ಫಿಯೋನಾಳ ಧ್ವನಿ ಇಳಿಯಿತು. "'ಮಹಾಶಯರೇ, ನನಗೆ ಎಪ್ಪತ್ಮೂರು ವರ್ಷ. ನನ್ನಲ್ಲಿ ಸೀಲ್ ಇಲ್ಲ, ವಕೀಲರೂ ಇಲ್ಲ. ಗಂಡ ಹೆಂಡತಿ ಬರುತ್ತಾರೆಂದು ತಿಳಿದಿದ್ದೆ. ನಾನು ಕಂಪನಿಗಳಿಗೆ ಕೋಣೆ ಕೊಡುವುದಿಲ್ಲ. ಕ್ಷಮಿಸಿ.'"

ಫ್ಲೋರಿನ್ ವೀಸಾದ ಫೈಲನ್ನು ಮುಚ್ಚಿಟ್ಟಳು.

ಜಾಬಿರ್ ಗಂಟಲು ಸರಿಮಾಡಿಕೊಂಡ. "ಟೆನ್ಶನ್ ಬೇಡ. ಅದೇ ಊರಲ್ಲಿ, ಹೈವೇ ಬದಿ ಒಂದು ಹೋಟೆಲ್ ಉಂಟು. ಸಮುದ್ರಕ್ಕೆ ಮೂರು ಕಿಲೋಮೀಟರ್. ಐವತ್ತೆರಡು ಯೂರೊ, ಈಗಲೇ ಪೇಪರ್ ಕೊಡ್ತೇನೆ. ವೀಸಾ ಆಗ್ಲಿ, ಮತ್ತೆ ಬೇಕಾದಲ್ಲಿ ಮಲಗಿ. ಎಲ್ರೂ ಹಾಗೇ ಮಾಡುದು. ಖಲಾಸ್."

"ನಾನು ಹದಿನೆಂಟು ವರ್ಷದಿಂದ ಶಾಲೆಯ ಅಡ್ಮಿಶನ್ ಡೆಸ್ಕಲ್ಲಿ ಕೂತಿದ್ದೇನೆ ಜಾಬಿರ್. ಸುಳ್ಳು ವಿಳಾಸ ಕೊಟ್ಟ ತಂದೆತಾಯಿಯರನ್ನು ಎಷ್ಟು ಸಲ ವಾಪಸ್ ಕಳಿಸಿದ್ದೇನೆ, ಗೊತ್ತುಂಟಾ? ಫೈಲಲ್ಲಿ ಯಾವ ಹೋಟೆಲ್ ಬರೀತೇನೋ ಅಲ್ಲೇ ಮಲಗುದು." ಅವಳು ಗಂಡನ ಕಡೆ ತಿರುಗಿದಳು. "ನಾಳೆ ಹತ್ತೂವರೆವರೆಗೆ ಟೈಮ್ ಉಂಟು. ಆ ಹೆಂಗಸಿಗೆ ನೀನೇ ಬರಿ. ಫಾರ್ಮ್ಯಾಟ್ ಇಲ್ಲದೆ."

"ಎಂತ ಬರೀಲಿ?"

"ಅದನ್ನೂ ನಾನೇ ಹೇಳ್ಬೇಕಾ? ಹಾಗಾದ್ರೆ ಹೈವೇ ಬದಿಗೇ ಹೋಗುವ. ಲಾರಿಯಾದ್ರೂ ಕಾಣ್ತದೆ."

ಜಾಬಿರ್ ಹೋಟೆಲಿನ ಪತ್ರವನ್ನು ಕಳುಹಿಸಿಕೊಟ್ಟು ಹೊರಟ. ಗೇಬ್ರಿಯಲ್ ಊಟದ ಮೇಜಿನಲ್ಲಿ ಕುಳಿತು ಬರೆದ, ಅಳಿಸಿದ, ಮತ್ತೆ ಬರೆದ. ಫಿಯೋನಾ ಇಣುಕಿದರೆ ಫೋನನ್ನು ಮಗುಚಿ ಇಡುತ್ತಿದ್ದ. ಎಂಟು ಗಂಟೆಗೆ ಪತ್ರ ಹೋಯಿತು. ಅದರಲ್ಲಿ ಏನಿದೆಯೆಂದು ಯಾರಿಗೂ ಹೇಳಲಿಲ್ಲ.

ಗುರುವಾರ ಬೆಳಗಾಯಿತು. ಉತ್ತರವಿಲ್ಲ. ಒಂಬತ್ತು ಗಂಟೆ. ಉತ್ತರವಿಲ್ಲ.

ವೀಸಾ ಕೇಂದ್ರ ಎರಡನೆಯ ಮಹಡಿಯಲ್ಲಿತ್ತು. ಅರ್ಜಿದಾರರಿಗೆ ಮಾತ್ರ ಪ್ರವೇಶ, ಅದೂ ಫೋನಿಲ್ಲದೆ. ಗೇಬ್ರಿಯಲ್ ತನ್ನ ಫೋನನ್ನು ಮಗಳ ಕೈಗಿತ್ತ. ಕೆಳಗೆ ಒಂದು ಟೈಪಿಂಗ್ ಸೆಂಟರ್ ಇತ್ತು. ಅರಬಿಯಲ್ಲಿ ಅರ್ಜಿ ಬರೆದುಕೊಡುವ, ಪ್ರಿಂಟ್ ತೆಗೆದುಕೊಡುವ ಅಂಗಡಿ. ಫಿಯೋನಾ ಅಲ್ಲಿ ಕುರ್ಚಿ ಹಿಡಿದಳು.

"ಮೇಲ್ ಬಂದ ಕೂಡ್ಲೆ ಪ್ರಿಂಟ್ ತೆಗೆದು ಓಡಿ ಬಾ."

"ಬರದಿದ್ರೆ, ಪಪ್ಪಾ?"

ಗೇಬ್ರಿಯಲ್ ಫ್ಲೋರಿನ್ ಜೊತೆ ಲಿಫ್ಟಿನೊಳಗೆ ಹೋದ.

ಅವರ ಟೋಕನ್ ನಲವತ್ತೇಳು. ಫಲಕದ ಮೇಲೆ ನಲವತ್ತೆರಡು ಹೊಳೆಯುತ್ತಿತ್ತು. ಫೈಲಿನಲ್ಲಿ ಪಾಸ್‌ಪೋರ್ಟು, ಬ್ಯಾಂಕಿನ ಪತ್ರ, ರಜೆಯ ಪತ್ರ, ವಿಮೆ, ಎಲ್ಲವೂ ಫ್ಲೋರಿನ್ ಕೈಯ ಅಚ್ಚುಕಟ್ಟಿನಲ್ಲಿದ್ದವು. ಜಾಬಿರ್‌ನ ಹೋಟೆಲಿನ ಪತ್ರ ಮಾತ್ರ ಗೇಬ್ರಿಯಲನ ಅಂಗಿಯ ಜೇಬಿನಲ್ಲಿ ಮಡಚಿಕೊಂಡಿತ್ತು. ನಲವತ್ತಮೂರು. ನಲವತ್ತನಾಲ್ಕಕ್ಕೆ ಯಾರೂ ಎದ್ದು ಬರಲಿಲ್ಲ. ನಲವತ್ತೈದರ ಮನುಷ್ಯ ತಪ್ಪು ಅಳತೆಯ ಫೋಟೊ ತಂದು ಎರಡೇ ನಿಮಿಷಕ್ಕೆ ಹಿಂದಿರುಗಿದ. ಯಾವಾಗಲೂ ನಿಧಾನವಾಗಿ ಸಾಗುವ ಸಾಲು ಇಂದು ಓಡುತ್ತಿತ್ತು.

"ಫ್ಲೋರಿ," ಗೇಬ್ರಿಯಲ್ ಪಿಸುಗುಟ್ಟಿದ, "ಬೈದು ಬಿಡು ಒಮ್ಮೆ."

"ಇಲ್ಲಿ ಬೈದ್ರೆ ವೀಸಾ ಕೊಡ್ತಾರಾ? ಮನೆಗೆ ಹೋಗಿ ಬೈತೇನೆ. ಕಂತಿನಲ್ಲಿ."

ಗಂಟೆ ಸದ್ದಾಯಿತು. ನಲವತ್ತೇಳು.

ಕೌಂಟರಿನ ಹಿಂದೆ ಫಿಲಿಪ್ಪೀನ್ಸ್‌ನ ತರುಣಿಯೊಬ್ಬಳು ಕುಳಿತಿದ್ದಳು. ಕಾಗದಗಳನ್ನು ಒಂದೊಂದಾಗಿ ತಿರುವಿ ಗುರುತು ಹಾಕುತ್ತ ಹೋದಳು. ಬ್ಯಾಂಕು, ಸರಿ. ರಜೆ, ಸರಿ. ವಿಮೆ, ಸರಿ. ಪೆನ್ನು ನಿಂತಿತು.

"ಹೋಟೆಲ್ ಬುಕಿಂಗ್, ಮ್ಯಾಡಮ್?"

ಫ್ಲೋರಿನ್ ಗಾಜಿನ ಬಾಗಿಲ ಕಡೆ ನೋಡಿದಳು. ಅಲ್ಲಿ ಕಾವಲುಗಾರನ ಬೆನ್ನಷ್ಟೇ ಕಾಣುತ್ತಿತ್ತು.

"ಇಲ್ಲವಾದರೆ ಫೈಲ್ ಸ್ವೀಕರಿಸಲಾಗದು, ಮ್ಯಾಡಮ್."

ಫ್ಲೋರಿನ್ ಗಂಡನ ಮುಖ ನೋಡದೆಯೇ ಅವನ ಮುಂದೆ ಕೈ ಚಾಚಿದಳು. ಹೈವೇ ಬದಿಯ ಹೋಟೆಲು. ಲಾರಿಗಳು. ಗೇಬ್ರಿಯಲ್ ಜೇಬಿಗೆ ಕೈ ಹಾಕಿ ಪತ್ರ ತೆಗೆದ. ಕೊಡಲು ಮಾತ್ರ ಬೆರಳು ಒಪ್ಪಲಿಲ್ಲ.

"ಕೊಡು ಗೇಬಿ. ಪರ್ವಾಗಿಲ್ಲ."

ಆಗ ಗಾಜಿನ ಬಾಗಿಲು ಧಡಧಡ ಬಡಿದುಕೊಂಡಿತು.

ಹೊರಗೆ ಫಿಯೋನಾ. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು, ಕೈಯಲ್ಲಿ ಕಾಗದದ ಕಟ್ಟು. ಕಾವಲುಗಾರ ಅವಳನ್ನು ತಡೆದ. ಅವಳು ಇಂಗ್ಲಿಷು, ಹಿಂದಿ, ತನಗೆ ಬರುವ ನಾಲ್ಕು ಅರಬಿ ಶಬ್ದ, ಎಲ್ಲವನ್ನೂ ಒಟ್ಟಿಗೆ ಸುರಿದಳು. ಅವನು ತಲೆ ಕೊಡವಿದ. ಆಮೇಲೆ ಏನನ್ನಿಸಿತೋ, ಕಾಗದವನ್ನು ತಾನೇ ಹಿಡಿದು ಒಳಗೆ ಬಂದು ಕೌಂಟರಿನ ಮೇಲಿಟ್ಟ.

ಎಂಟು ಪುಟಗಳು! ಆತುರದಲ್ಲಿ ಫಿಯೋನಾ ಮೊದಲಿನಿಂದ ಕೊನೆಯವರೆಗಿನ ಪತ್ರವ್ಯವಹಾರವನ್ನೆಲ್ಲ ಮುದ್ರಿಸಿ ತಂದಿದ್ದಳು. ಫ್ಲೋರಿನ್ ಕಣ್ಣಾಡಿಸುವ ಮುನ್ನವೇ ತರುಣಿ ಕಟ್ಟನ್ನು ತನ್ನತ್ತ ಎಳೆದುಕೊಂಡಳು.

ಮೊದಲ ಪುಟದಲ್ಲಿ ಅತಿಥಿಗೃಹದ ಹೆಸರು, ವಿಳಾಸ, ಇಬ್ಬರ ಹೆಸರುಗಳು, ಆರು ರಾತ್ರಿಗಳ ತಾರೀಖುಗಳು. ಕೆಳಗೆ ರೊಸಾರಿಯಾಳ ಮಾತು. ತರುಣಿ ಸಣ್ಣ ಸ್ವರದಲ್ಲಿ ಓದಿದಳು:

"'ಕೋಣೆ ನಿಮ್ಮದು. ಅರವತ್ತೆಂಟು ಯೂರೊ, ಒಂದೂ ಕಡಿಮೆಯಿಲ್ಲ. ನಿಮ್ಮ ಹದಿನಾಲ್ಕು ಷರತ್ತುಗಳಿಗೆ ನನ್ನದೊಂದು: ಲಿಫ್ಟ್ ಇಲ್ಲ, ಅರವತ್ತೆರಡು ಮೆಟ್ಟಿಲುಗಳಿವೆ. ಪೆಟ್ಟಿಗೆಗಳನ್ನು ಗಂಡನೇ ಹೊರಬೇಕು.'"

ಫ್ಲೋರಿನ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಅಲ್ಲಿಗೆ ತರುಣಿಯ ಕೆಲಸ ಮುಗಿದಿತ್ತು. ಗುರುತು ಹಾಕಿ ಮುಂದಿನ ಟೋಕನ್ ಕರೆಯಬಹುದಿತ್ತು. ಆದರೆ ಅವಳ ಕೈ ಪುಟ ತಿರುವಿತು. ಕಣ್ಣು ಅಲ್ಲೇ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ "ಯಲ್ಲಾ, ಬೇಗ" ಎಂದು ಗೊಣಗಿದರು. ಅವಳು ತಲೆ ಎತ್ತಲಿಲ್ಲ.

"ಮ್ಯಾಡಮ್, ಇದನ್ನು ನೀವು ಓದಿದ್ದೀರಾ?"

"ಇಲ್ಲ."

"ಬೇಡ, ಅದು ಫೈಲಿಗೆ ಬೇಡ," ಗೇಬ್ರಿಯಲ್ ಗಾಜಿನ ಕಂಡಿಗೆ ಕೈ ಹಾಕಿದ. ಕಾಗದ ಸಿಗಲಿಲ್ಲ.

ತರುಣಿ ಓದಿದಳು: "'ಅಮ್ಮಾ, ನಾನು ಕಂಪನಿಯಲ್ಲ, ಗಂಡ. ಇಪ್ಪತ್ತೈದು ವರ್ಷಗಳಲ್ಲಿ ನನ್ನ ಹೆಂಡತಿ ತನಗಾಗಿ ನನ್ನಲ್ಲಿ ಕೇಳಿದ್ದು ಇದೊಂದನ್ನೇ. ಅದಕ್ಕೂ ನಾನು ಕಡಿತ ಕೇಳಿದೆ. ನಮ್ಮ ಮಲಗುವ ಕೋಣೆಯ ಕಿಟಕಿಯಾಚೆ ಹನ್ನೊಂದು ಎಸಿ ಯಂತ್ರಗಳಿವೆ. ಆದರೂ ಅವಳು ದಿನವೂ ಎದ್ದ ಕೂಡಲೇ ಪರದೆ ಸರಿಸುತ್ತಾಳೆ. ಒಂದು ದಿನವೂ ದೂರಲಿಲ್ಲ. ನಾನು ಮಲಗಿದಂತೆ ನಟಿಸುತ್ತ ಅದನ್ನು ನೋಡುತ್ತೇನೆ. ಅಕ್ಟೋಬರ್ ಹದಿನೆಂಟರಂದು ಅವಳು ಪರದೆ ಸರಿಸುವಾಗ ನಾನು ಸಮುದ್ರವನ್ನು ನೋಡುವುದಿಲ್ಲ, ಅವಳ ಮುಖವನ್ನು ನೋಡಬೇಕು. ನಿಮಗೆ ಬೇಕಾದ ದರ ಹೇಳಿ. ಜೀವನದಲ್ಲಿ ಮೊದಲ ಸಲ ನಾನು ಚೌಕಾಸಿ ಮಾಡುವುದಿಲ್ಲ.'"

ಪಕ್ಕದ ಕೌಂಟರಿನವಳೂ ಪೆನ್ನು ಕೆಳಗಿಟ್ಟಿದ್ದಳು. ಸಾಲಿನಲ್ಲಿ "ಯಲ್ಲಾ" ಎಂದವನೂ ಕತ್ತು ಚಾಚಿ ಕೇಳುತ್ತಿದ್ದ.

ತರುಣಿ ಎಂಟು ಪುಟಗಳನ್ನೂ ಜೋಡಿಸಿ ಫೈಲಿಗೆ ಸೇರಿಸಿ, ಠಪ್ಪನೆ ಸ್ವೀಕೃತಿಯ ಮುದ್ರೆ ಒತ್ತಿದಳು. ಆಮೇಲೆ ಪೆನ್ನಿನ ತುದಿಯನ್ನು ಗೇಬ್ರಿಯಲನ ಕಡೆ ತೋರಿಸಿ ಕೇಳಿದಳು:

"ಇದನ್ನು ಬರೆದವರು ಇವರೇನಾ, ಮ್ಯಾಡಮ್?"

ಫ್ಲೋರಿನ್ ತಿರುಗಿದಳು. ಬೆವರಿದ ಹಣೆ, ಅರ್ಧ ಒಳಗೆ ಅರ್ಧ ಹೊರಗೆ ಇದ್ದ ಅಂಗಿ, ಮುಷ್ಟಿಯಲ್ಲಿ ಮುದ್ದೆಯಾದ ಕಾಗದ, ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದ ಆ ಮನುಷ್ಯನನ್ನು ಅವಳು ಅಡಿಯಿಂದ ಮುಡಿಯವರೆಗೆ ಆತುರವಿಲ್ಲದೆ ನೋಡಿದಳು.

"ಹೌದು," ಎಂದಳು. "ಇವರೇ."